ಮುಚ್ಚಳದ ಮೇಲಿನ ಮೂವತ್ತೊಂದು

ಅಕ್ಕತಂಗಿಯರಿಬ್ಬರಲ್ಲಿ ಸೊಳ್ಳೆ ಕೂಡ ದೊಡ್ಡವಳನ್ನೇ ಹುಡುಕಿಕೊಂಡು ಬಂದು ಕಚ್ಚುತ್ತಿತ್ತು. ಒಂದೇ ಕೋಣೆ, ಒಂದೇ ಹಾಸಿಗೆ, ಪಕ್ಕದಲ್ಲೇ ಚಿಕ್ಕವಳು ಕೈಕಾಲು ಚೆಲ್ಲಿ ಮಲಗಿದ್ದರೂ ಅವಳ ಮೈಮೇಲೆ ಒಂದು ಗುಳ್ಳೆ ಏಳುತ್ತಿರಲಿಲ್ಲ. ಬೆಳಿಗ್ಗೆ ದೊಡ್ಡವಳು ಪರಪರ ಕೆರೆದುಕೊಳ್ಳುತ್ತ ಕೂತರೆ ಅಮ್ಮ, ನಿನ್ನದು ಸಿಹಿ ರಕ್ತ ಕಣೇ ಎಂದು ಸಮಾಧಾನ ಹೇಳುತ್ತಿದ್ದಳು. ಸಿಹಿ ರಕ್ತ ಇಟ್ಟುಕೊಂಡು ಉಪ್ಪಿನಕಾಯಿ ಹಾಕುವುದೇ? ಚಿಕ್ಕವಳಿಗೆ ಮಂಡಿ ತರಚಿದರೆ ವಾರದಲ್ಲಿ ಕಲೆಯೂ ಮಾಯ. ಪರೀಕ್ಷೆಗೆ ಅವಳು ಒಂದೇ ಪಾಠ ಓದಿಕೊಂಡು ಹೋದರೆ ಅದರಿಂದಲೇ ಪ್ರಶ್ನೆ. ಮದುವೆ ಮಾಡಿಕೊಂಡರೆ ಸಿಕ್ಕ ಗಂಡ, ಲಿಫ್ಟ್ ರಿಪೇರಿ ಮಾಡುವವನು, ಸಂಜೆ ಮನೆಗೆ ಬಂದು ತಾನೇ ಚಹಾ ಮಾಡಿ ಹೆಂಡತಿಯ ಕೈಗೆ ಕೊಡುತ್ತಿದ್ದ.

ದೊಡ್ಡವಳ ಗಂಡನೂ ಕೊಟ್ಟಿದ್ದ. ಅವನು ಕೊಟ್ಟದ್ದು ಹರ್ಪಿಸ್.

ಅವನು ಆಸ್ಪತ್ರೆಗಳಿಗೆ ಯಂತ್ರ ಮಾರುತ್ತ ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಸುತ್ತುತ್ತಿದ್ದವನು. ಮದುವೆಯಾದ ಮೂರನೆಯ ವರ್ಷ ಅವಳಿಗೆ ಜ್ವರ ಬಂತು, ಗುಟ್ಟಿನ ಜಾಗದಲ್ಲಿ ಗುಳ್ಳೆ ಎದ್ದವು, ಮೂತ್ರಕ್ಕೆ ಹೋದರೆ ಜೀವ ಬಾಯಿಗೆ ಬರುತ್ತಿತ್ತು. ಆಸ್ಪತ್ರೆಯವರು ಮುಚ್ಚುಮರೆಯಿಲ್ಲದೆ ಹೇಳಿದರು: ಈ ವೈರಸ್ ಒಮ್ಮೆ ಒಳಗೆ ಹೊಕ್ಕರೆ ನರದಲ್ಲಿ ಅಡಗಿ ಕೂರುತ್ತದೆ, ಮನಸ್ಸು ಬಂದಾಗ ಹೊರಗೆ ಬರುತ್ತದೆ, ಮಾತ್ರೆಯಿಂದ ಹತೋಟಿಯಲ್ಲಿಡಬಹುದೇ ಹೊರತು ಓಡಿಸಲಾಗದು. ಗಂಡ ನನಗೇನು ಗೊತ್ತು ಎಂದ. ಎರಡು ವರ್ಷದಲ್ಲಿ ಇನ್ನೊಂದು ಊರು, ಇನ್ನೊಬ್ಬಳನ್ನು ನೋಡಿಕೊಂಡ. ಗಂಡ ಹೋದ, ವೈರಸ್ ಹೋಗಲಿಲ್ಲ. ಆ ಮನೆಯಲ್ಲಿ ನಿಯತ್ತು ಇದ್ದದ್ದು ಅದಕ್ಕೊಂದಕ್ಕೇ. ಇದನ್ನು ದೊಡ್ಡವಳು ಯಾರಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಚಿಕ್ಕವಳಿಗಂತೂ ಸತ್ತರೂ ಹೇಳುವವಳಲ್ಲ. ಮಾತ್ರೆಗಳನ್ನು ಕನ್ನಡಿಯ ಹಿಂದೆ, ಹೇರ್‌ಪಿನ್ನಿನ ಡಬ್ಬಿಯಲ್ಲಿ ಇಟ್ಟುಕೊಂಡಳು.

ಅವಳ ಕೆಲಸ ಒಂದು ಪ್ರಯೋಗಶಾಲೆಯಲ್ಲಿ. ಎರಡನೆಯ ಮಹಡಿ, ಉದ್ದನೆಯ ಮೇಜು, ಸದಾ ಗುರುಗುಟ್ಟುವ ಎರಡು ಫ್ರೀಜರ್, ಮೈಬಿಸಿಯಷ್ಟೇ ಬಿಸಿ ಇಟ್ಟುಕೊಂಡಿರುವ ಒಂದು ಇನ್‌ಕ್ಯುಬೇಟರ್. ಹೆಂಗಸರ ಯೋನಿಯಲ್ಲಿ ತಾವಾಗಿಯೇ ವಾಸವಾಗಿರುವ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದು, ಕಾಪಾಡುವುದು ಅವಳ ಪಾಲಿಗೆ ಬಂದಿತ್ತು. ಹಾಲಿಗೆ ಹೆಪ್ಪಾಗುವ ಬ್ಯಾಕ್ಟೀರಿಯಾಗಳಿಗೆ ಇವು ದಾಯಾದಿಗಳು. ಇವು ತುಂಬಿದ್ದಲ್ಲಿ ಜಾಗ ಹುಳಿಯಾಗಿರುತ್ತದೆ, ಹರ್ಪಿಸ್‌ನಂಥ ಕೆಲವು ವೈರಸ್‌ಗಳಿಗೆ ಅಲ್ಲಿ ಕಾಲೂರುವುದು ಕಷ್ಟ. ಆದರೆ ಎಲ್ಲ ಹೆಂಗಸರಲ್ಲೂ ಒಂದೇ ಥರದವು ಇರುವುದಿಲ್ಲ, ಎಲ್ಲವೂ ಒಂದೇ ಹಾಗೆ ದುಡಿಯುವುದಿಲ್ಲ. ಚೆನ್ನಾಗಿ ಕಾವಲು ಕಾಯುವ ತಳಿ ಯಾವುದೆಂದು ಹುಡುಕಿ ಅದನ್ನು ಒಂದು ಗುಳಿಗೆಯಾಗಿ ಮಾಡಬಹುದೇ ಎಂದು ಪ್ರಯೋಗಶಾಲೆ ನಡೆಸುವ ಡಾಕ್ಟರಮ್ಮ ನೋಡುತ್ತಿದ್ದರು. ಆಗುತ್ತದೆ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ತಟ್ಟೆಯಲ್ಲಿ ಆದದ್ದು ಮೈಯಲ್ಲೂ ಆಗಬೇಕೆಂದೇನಿಲ್ಲ ಎಂದು ಅವರೇ ದಿನಕ್ಕೆರಡು ಸಲ ಹೇಳುತ್ತಿದ್ದರು.

ಮೂರು ವರ್ಷದ ಹಿಂದೆ ಕೆಲಸ ಶುರುವಾದಾಗ ಮೂವತ್ತೆರಡು ಹೆಂಗಸರ ಮಾದರಿ ಬೇಕಿತ್ತು. ಕಾಯಿಲೆ ಇದ್ದವರದ್ದು, ಇಲ್ಲದವರದ್ದು, ಎಲ್ಲವೂ ಆಗುತ್ತಿತ್ತು. ಲೆಕ್ಕ ಮೂವತ್ತಕ್ಕೆ ಬಂದು ನಿಂತಿತು. ದೊಡ್ಡವಳು ತನ್ನದನ್ನೇ ಕೊಡಲು ಒಪ್ಪಿ, ಇನ್ನೊಂದಕ್ಕಾಗಿ ತಂಗಿಗೆ ಫೋನು ಮಾಡಿದಳು. ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದ ಚರಿತ್ರೆಯೇ ಇಲ್ಲದ ಚಿಕ್ಕವಳು, ಏನು ಎತ್ತ ಎಂದು ಕೇಳಿಸಿಕೊಂಡು, ಅರ್ಧ ಗಂಟೆಯಲ್ಲಿ ಬಂದು ಮೆಟ್ಟಿಲು ಹತ್ತಿದ್ದಳು. ದೊಡ್ಡವಳಿಗೆ ಆಶ್ಚರ್ಯವಾಯಿತು. ಏನೋ ನೋಡುವ ಚಪಲ ಇರಬೇಕು ಎಂದುಕೊಂಡಳು.

ಆ ಪ್ರಯೋಗಶಾಲೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ನಿಯಮ ಬರೆದು ಅಂಟಿಸಿತ್ತು: ನಂಬರನ್ನು ಕೊಳವೆಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಹೊಸದಾಗಿ ಸೇರಿದವರಿಗೆಲ್ಲ ಅದನ್ನು ಓದಿ ಹೇಳುತ್ತಿದ್ದವಳು ದೊಡ್ಡವಳೇ. ಆ ದಿನ ಇಬ್ಬರ ಮಾದರಿಯಿದ್ದ ಕೊಳವೆಗಳು ಶೀತದ ಪೆಟ್ಟಿಗೆಯಿಂದ ಆಗಷ್ಟೇ ಹೊರಬಂದು ಬೆವರುತ್ತಿದ್ದವು, ಪೆನ್ನು ಹಿಡಿಯಲಿಲ್ಲ. ಒರೆಸಿ ಬರೆಯುವ ವ್ಯವಧಾನವಿರದೆ ಮುಚ್ಚಳದ ಮೇಲೇ ಬರೆದಳು. ತಾನು ಹಿರಿಯಳಲ್ಲವೇ, ತನಗೆ ಮೂವತ್ತೊಂದು. ತಂಗಿಗೆ ಮೂವತ್ತೆರಡು. ಮೀಡಿಯಾ ಹಾಕಲು ಎರಡೂ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು. ಮೀಡಿಯಾ ಎಂದರೆ ಇಲ್ಲಿ ಟೀವಿಯವರಲ್ಲ, ಬ್ಯಾಕ್ಟೀರಿಯಾ ಕುಡಿಯುವ ಕಂದು ಬಣ್ಣದ ಗಂಜಿ. ಅಷ್ಟರಲ್ಲಿ ಚಿಕ್ಕವಳು, ಬಟ್ಟೆ ಆಲ್ಟರೇಷನ್ ಅಂಗಡಿ ಇಟ್ಟುಕೊಂಡವಳು, ಯಾರೋ ಗಿರಾಕಿ ಗಂಡನ ಪ್ಯಾಂಟನ್ನು ಬಿಗಿ ಮಾಡಿಸಲು ತಂದು, ಆಮೇಲೆ ಅದು ಗಂಡನದಲ್ಲವೆಂದು ಗೊತ್ತಾದ ಕತೆ ಹೇಳತೊಡಗಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತಲೇ ದೊಡ್ಡವಳು ಮುಚ್ಚಳ ಹಾಕಿದಳು.

ತಳಿಗಳ ಯೋಗ್ಯತೆ ಅಳೆಯುತ್ತಿದ್ದವನು ತೂತು ಮಾಸ್ತರ. ಅದು ಅವನಿಗೆ ಪ್ರಯೋಗಶಾಲೆಯವರು ಇಟ್ಟ ಹೆಸರು. ತಟ್ಟೆಯ ತಳದಲ್ಲಿ ಜೀವಕೋಶಗಳನ್ನು ಒಂದು ಪದರವಾಗಿ ಬೆಳೆಸಿ, ಅದರ ಮೇಲೆ ಹರ್ಪಿಸ್ ವೈರಸ್ ಬಿಡುವುದು. ವೈರಸ್ ತಿಂದ ಕಡೆಯೆಲ್ಲ ತೂತು ಬೀಳುತ್ತದೆ. ನೇರಳೆ ಬಣ್ಣ ಹಾಕಿದರೆ ನುಸಿ ತಿಂದ ಬಟ್ಟೆಯ ಹಾಗೆ ತೂತುಗಳು ಎದ್ದು ಕಾಣುತ್ತವೆ. ಮೊದಲು ಬ್ಯಾಕ್ಟೀರಿಯಾ ಬಿಟ್ಟು ಆಮೇಲೆ ವೈರಸ್ ಬಿಟ್ಟರೆ ಎಷ್ಟು ತೂತು ಕಮ್ಮಿಯಾಯಿತು ಎಂದು ಎಣಿಸುವುದು ಅವನ ಕೆಲಸ. ಬರಿ ಗಂಜಿ ಹಾಕಿದ ತಟ್ಟೆಯಲ್ಲಿ ನೂರು. ಹನ್ನೆರಡನೆಯ ನಂಬರಿನದರಲ್ಲಿ ನಲವತ್ತು. ಮೂವತ್ತೊಂದರಲ್ಲಿ ಏಳು. ಅವನು ಮೂರು ಸಲ ಎಣಿಸಿದ, ಡಾಕ್ಟರಮ್ಮ ಬಂದು ಎಣಿಸಿದರು, ಏಳೇ. ಮೂವತ್ತೆರಡರಲ್ಲಿ ನೂರಾ ನಾಲ್ಕು.

ದೊಡ್ಡವಳು ಆ ದಿನ ಕೈತೊಳೆಯುವ ನೆಪದಲ್ಲಿ ಒಳಗೆ ಹೋಗಿ ಅತ್ತಳು. ಗಂಡ ಬಿಟ್ಟ ಮೇಲೆ, ಕಾಯಿಲೆ ಹಿಡಿದ ಮೇಲೆ, ತನ್ನ ಮೈ ಎಂದರೆ ಅವಳಿಗೆ ಒಂದು ಹಾಳುಬಿದ್ದ ಮನೆಯಾಗಿತ್ತು. ಆ ಮನೆಯಲ್ಲಿ ಇಂಥದ್ದೊಂದು ಹುಟ್ಟಿಕೊಂಡಿತೇ! ತನ್ನ ಪಾಲಿಗೆ ಅದು ಕಳ್ಳ ಹೋದ ಮೇಲೆ ಬಂದ ಪೊಲೀಸು ನಿಜ, ಆದರೂ ತನ್ನದು. ಅಂದಿನಿಂದ ಮೂವತ್ತೊಂದಕ್ಕೆ ಮಗಳು ಎಂದು ಹೆಸರಿಟ್ಟಳು. ತೂತು ಮಾಸ್ತರನೂ ಬೆಳಿಗ್ಗೆ ಬಂದವನೇ, ಮಗಳು ಹೇಗಿದ್ದಾಳೆ ಎಂದು ಕೇಳುವನು. ವಾರಕ್ಕೊಮ್ಮೆ ಹೊಸ ಗಂಜಿಗೆ ದಾಟಿಸುವಾಗ ಮೊದಲ ಸರದಿ ಮಗಳದು. ಮೂವತ್ತೆರಡಕ್ಕೆ ಸೋಮಾರಿ ಎಂದು ಹೆಸರಿಟ್ಟಳು. ಅದರ ಸರದಿ ಕಡೆಗೆ, ಕೆಲವು ಸಲ ಮಾರನೆಯ ದಿನಕ್ಕೆ. ಅಂತೂ ಒಂದು ವಿಷಯದಲ್ಲಿ ಚಿಕ್ಕವಳದು ನಾಲಾಯಕ್ಕು ಎಂದು ಮನಸ್ಸಿನಲ್ಲೇ ಹೇಳಿಕೊಂಡಾಗಲೆಲ್ಲ ಅವಳಿಗೆ ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗಾಗುತ್ತಿತ್ತು. ಇದು ಒಳ್ಳೆಯ ಗುಣವಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ, ಹಿತವಾಗಿತ್ತು.

ಮೂರು ವರ್ಷ ಹೀಗೆ ಸುಖವಾಗಿ ಕಳೆಯಿತು. ಒಂದು ಸೋಮವಾರ ಡಾಕ್ಟರಮ್ಮ ಕರೆದು, ಮೂವತ್ತೊಂದನ್ನು ಗುಳಿಗೆ ಮಾಡಿ ಹೆಂಗಸರಿಗೆ ಕೊಟ್ಟು ನೋಡಲು ಒಪ್ಪಿಗೆ ಸಿಕ್ಕಿದೆ ಎಂದರು. ಆದರೆ ನಿಯಮ ಇದೆ: ಆ ತಳಿ ಯಾರದೋ ಅವರಿಂದ ಇನ್ನೊಂದು ಮಾದರಿ ತರಬೇಕು, ಎರಡೂ ಒಂದೇ ಎಂದು ತೋರಿಸಬೇಕು, ಹೊಸ ಒಪ್ಪಿಗೆ ಪತ್ರಕ್ಕೆ ಅವರ ಸಹಿ ಬೇಕು. ಶನಿವಾರ ಸಂಜೆಯೊಳಗೆ ಆಗದಿದ್ದರೆ ಮೂವತ್ತೊಂದನ್ನು ಕೈಬಿಟ್ಟು ಹನ್ನೆರಡನ್ನು ಕಳಿಸಬೇಕು. ಅವರಿಗೆ ಗೊತ್ತಿದ್ದದ್ದು ನಂಬರು ಮಾತ್ರ, ಹೆಸರಿನ ಪಟ್ಟಿ ದೊಡ್ಡವಳ ಬಳಿ ಇತ್ತು; ಕೊಟ್ಟವರು ಸಿಗುತ್ತಾರಾ ಎಂದು ಕೇಳಿದರು. ದೊಡ್ಡವಳು ಒಳಗೊಳಗೇ ಉಬ್ಬಿ, ಸಿಗುತ್ತಾರೆ ಎಂದಳು. ಮೊದಲು ತಾಳೆ ನೋಡಿ ಆಮೇಲೆ, ಅದು ನಾನೇ ಎಂದು ಹೇಳಿ ಅವರ ಮುಖ ನೋಡುವ ಆಸೆ ಅವಳಿಗೆ.

ತನ್ನ ಮಾದರಿ ತೆಗೆದಳು. ಮನುಷ್ಯರಿಗೆ ಬೆರಳಚ್ಚು ಇದ್ದ ಹಾಗೆ ಬ್ಯಾಕ್ಟೀರಿಯಾಕ್ಕೂ ಒಂದು ಅಚ್ಚು ಇರುತ್ತದೆ, ಜೆಲ್ ಎಂಬ ಲೋಳೆಯಂಥ ಹಾಳೆಯ ಮೇಲೆ ಗೆರೆಗೆರೆಯಾಗಿ ಮೂಡುತ್ತದೆ. ಬುಧವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವಳು ಜೆಲ್ಲನ್ನು ದೀಪದ ಮೇಲಿಟ್ಟಳು. ನಡುವೆ ತನ್ನ ಹೊಸ ಮಾದರಿ, ಎಡಕ್ಕೆ ಮೂವತ್ತೊಂದು, ಬಲಕ್ಕೆ ಹೋಲಿಸಿ ನೋಡಲೆಂದು ಸುಮ್ಮನೆ ಹಾಕಿದ್ದ ಮೂವತ್ತೆರಡು. ಎಡಗಡೆಯ ಒಂದು ಗೆರೆಯೂ ಹೊಂದಲಿಲ್ಲ. ಬಲಗಡೆಯ ಒಂದು ಗೆರೆಯೂ ತಪ್ಪಲಿಲ್ಲ.

ಅವಳಿಗೆ ಮೊದಲು ನೆನಪಾದದ್ದು ಪ್ಯಾಂಟಿನ ಕತೆ. ಆಮೇಲೆ, ಮೇಜಿನ ಮೇಲೆ ಅಕ್ಕಪಕ್ಕ ಕೂತಿದ್ದ ಎರಡು ಮುಚ್ಚಳ. ಸೋಮಾರಿ ತನ್ನದು. ಮಗಳು ತಂಗಿಯದು. ಮೂರು ವರ್ಷ ತಾನು ಕೈಯಾರೆ ಉಪವಾಸ ಕೆಡವಿದ್ದು ತನ್ನದನ್ನೇ, ಉಪಚಾರ ಮಾಡಿದ್ದು ಅವಳದಕ್ಕೆ. ಕೂದಲು ಅವಳದೇ ಚಂದ, ನಿದ್ದೆ ಅವಳಿಗೇ ಬೇಗ, ಗಂಡ ಅವಳಿಗೇ ಒಳ್ಳೆಯವನು, ಮಕ್ಕಳು ಎರಡೂ ಅವಳಿಗೇ. ಕಣ್ಣಿಗೆ ಕಾಣದ ಹುಳದಲ್ಲೂ ಇವಳೇ ಮುಂದಾಗಬೇಕಿತ್ತೇ? ಕೇಳದೆ, ಬಯಸದೆ, ಇದೆಯೆಂದು ತಿಳಿಯದೆ ಕೂಡ ಮೈತುಂಬ ಕಾವಲುಗಾರರನ್ನು ಇಟ್ಟುಕೊಂಡು ಪ್ಯಾಂಟು ಹೊಲಿಯುತ್ತ ಕೂತಿದ್ದಾಳೆ. ಜೆಲ್ಲಿನ ಫೋಟೊವನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗೆ ತುರುಕಿಕೊಂಡಳು. ಊಟ ಮುಗಿಸಿ ಬಂದ ಡಾಕ್ಟರಮ್ಮ ಕೇಳಿದಾಗ, ಆ ಹೆಂಗಸು ಸಿಗುತ್ತಿಲ್ಲ, ಫೋನ್ ನಂಬರ್ ಬದಲಾಗಿದೆ ಎಂದುಬಿಟ್ಟಳು. ಸುಳ್ಳು ನಾಲಿಗೆಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ ಅವಳಿಗೇ ಭಯವಾಯಿತು.

ಗುರುವಾರ ಬೆಳಿಗ್ಗೆ ಗುಳ್ಳೆಗಳು ಮತ್ತೆ ಎದ್ದಿದ್ದವು. ಮನಸ್ಸು ಕೆಟ್ಟಾಗಲೆಲ್ಲ ಅವು ಹಾಗೇ. ಮಾತ್ರೆ ನುಂಗಿ ಕೆಲಸಕ್ಕೆ ಬಂದರೆ ತೂತು ಮಾಸ್ತರ ಮುಖ ಸಪ್ಪೆ ಮಾಡಿಕೊಂಡು ಹನ್ನೆರಡನೆಯ ನಂಬರಿನ ತಟ್ಟೆಗಳನ್ನು ಜೋಡಿಸುತ್ತಿದ್ದ. ನಲವತ್ತು ತೂತಿನದನ್ನು ಕಳಿಸಬೇಕಾಯಿತಲ್ಲ ಎಂದು ಅವನು ಅಂದ. ದೊಡ್ಡವಳು ಆ ತಟ್ಟೆಯನ್ನೂ ಏಳು ತೂತಿನ ಹಳೆಯ ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿದಳು. ನಡುವಿನ ವ್ಯತ್ಯಾಸ ಮೂವತ್ತಮೂರು ತೂತು. ಕಾವಲಿಲ್ಲದೆ ಬಿದ್ದ ಅಂಥದ್ದೊಂದು ತೂತು ತಾನು ಎಂದು ಅನ್ನಿಸಿತು. ಆದರೆ ಅವಳು ಆ ಮರುಕಕ್ಕೇ ಕೋಟು ಬಿಚ್ಚಿಟ್ಟು ಹೊರಟಳು ಎಂದರೆ ಸುಳ್ಳಾದೀತು. ತಂಗಿಯದು ಗೆಲ್ಲುವುದನ್ನು ನೋಡಲಾಗುತ್ತಿರಲಿಲ್ಲ, ದಿಟ. ಆದರೆ ಊರುಕೇರಿ ಗೊತ್ತಿಲ್ಲದ ಯಾವಳೋ ಹನ್ನೆರಡನೆಯವಳು ತನ್ನ ತಂಗಿಯ ಮೇಲೆ ಗೆಲ್ಲುವುದೇ? ಅದನ್ನಂತೂ ತಡೆಯಲಾಗುತ್ತಲೇ ಇರಲಿಲ್ಲ. ಐಸಿನ ಪುಟ್ಟ ಡಬ್ಬಿಯಲ್ಲಿಟ್ಟ ಹೊಸ ಕೊಳವೆ, ಮಾದರಿ ತೆಗೆಯುವ ಹತ್ತಿಕಡ್ಡಿ ಅಂದರೆ ಸ್ವಾಬ್, ಒಪ್ಪಿಗೆ ಪತ್ರ, ಮಾರ್ಕರ್ ಪೆನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಚಿಕ್ಕವಳ ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಬಟ್ಟೆ ಹಾಕಿ ನೋಡಲು ಮೂಲೆಯಲ್ಲಿ ಒಂದು ಪರದೆ, ಪರದೆಯ ಹಿಂದೆ ಪುಟ್ಟ ಬಚ್ಚಲು. ಗೋಡೆಯ ಮೇಲೆ ಎರಡು ಹೆಣ್ಣುಮಕ್ಕಳ ಫೋಟೊ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದವಳು ಅಕ್ಕನನ್ನು ಕಂಡು ಸೂಜಿ ತೆಗೆದು ಸ್ಟೂಲು ಎಳೆದಳು. ದೊಡ್ಡವಳು ಮುಚ್ಚಳ ಅದಲುಬದಲಾದದ್ದನ್ನು ಎರಡು ಮಾತಿನಲ್ಲಿ ಹೇಳಿ, ನಿನ್ನದು ಒಳ್ಳೆಯ ತಳಿಯಂತೆ ಎಂದಳು. ನಾಲ್ಕು ಮನೆ ಆಚೆ ಯಾರಿಗೋ ಮಗು ಹುಟ್ಟಿತಂತೆ ಎಂದು ಹೇಳುವ ಧ್ವನಿಯಲ್ಲಿ ಹೇಳಿದಳು. ಚಿಕ್ಕವಳು ಇಷ್ಟೇನಾ, ಕೊಟ್ಟರಾಯಿತು ಎಂದು ಎದ್ದೇಬಿಟ್ಟಳು. ಆ ಇಷ್ಟೇನಾ ಎಂಬುದೇ ದೊಡ್ಡವಳನ್ನು ಉರಿಸಿತು. ಒಪ್ಪಿಗೆ ಪತ್ರವನ್ನು ಜೋರಾಗಿ ಓದಿಯೇ ಸಹಿ ಹಾಕಿಸಿಕೊಳ್ಳಬೇಕು, ಅದು ನಿಯಮ ಎಂದು ಗದರಿಸಿ ಕೂರಿಸಿದಳು. ಒಮ್ಮೆ ನಿಯಮ ಬಿಟ್ಟು ಕೆಟ್ಟದ್ದು ಸಾಕಾಗಿತ್ತು.

ನಾಲ್ಕನೆಯ ಸಾಲಿಗೆ ಬಂದಾಗ ಚಿಕ್ಕವಳು ತಡೆದಳು.

"ಅಕ್ಕಾ, ಆ ಸಾಲು ಇನ್ನೊಂದ್ಸಲ ಓದು."

"ಇದರಿಂದ ನಿಮಗಾಗಲಿ, ನಿಮ್ಮ ಮನೆಯವರಿಗಾಗಲಿ ನೇರವಾದ ಪ್ರಯೋಜನ ಇರುವುದಿಲ್ಲ. ಎಲ್ಲರಿಗೂ ಓದೋ ಸಾಲು ಕಣೇ ಅದು."

"ಮನೆಯವರು ಅಂದ್ರೆ ನೀನೂ ಸೇರಿ?"

ದೊಡ್ಡವಳು ಕಾಗದದಿಂದ ತಲೆ ಎತ್ತಿದಳು. ಚಿಕ್ಕವಳು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಳು. "ಕನ್ನಡಿ ಹಿಂದಿನ ಡಬ್ಬಿ ನೋಡಿದೀನಿ. ನಿಮ್ಮನೇಲಿ ಎರಡು ದಿನ ಉಳ್ಕೊಂಡಿದ್ನಲ್ಲ, ಪಿನ್ನು ಹುಡುಕ್ತಿದ್ದೆ. ಮಾತ್ರೆ ಹೆಸರು ಬರ್ಕೊಂಡು ಹೋಗಿ ಔಷಧಿ ಅಂಗಡೀಲಿ ಕೇಳ್ದೆ. ನಾಲ್ಕು ವರ್ಷ ಆಯ್ತು."

"ಮತ್ತೆ ಬಾಯೇ ಬಿಡ್ಲಿಲ್ವಲ್ಲ ನೀನು."

"ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ಹೇಳ್ದಾಗ ಏನೂ ಗೊತ್ತಿಲ್ದೋಳ ಥರ ಕೇಳಿಸ್ಕೊಳ್ಳೋಣ ಅಂತಿದ್ದೆ. ಅವತ್ತು ಫೋನ್ ಮಾಡಿ, ಈ ಕಾಯಿಲೆಗೇ ಏನೋ ಹುಡುಕ್ತಿದೀವಿ ಅಂದ್ಯಲ್ಲ, ಅದಕ್ಕೇ ಕೈಲಿದ್ದ ಬಟ್ಟೆ ಹಾಗೇ ಬಿಟ್ಟು ಓಡಿ ಬಂದೆ. ನಿಮ್ಮ ಡಾಕ್ಟರಮ್ಮನಿಗೋಸ್ಕರ ಬಂದೆ ಅನ್ಕೊಂಡ್ಯಾ?"

ದೊಡ್ಡವಳಿಗೆ ಪ್ರೀತಿ ಉಕ್ಕಿ ಬರಲಿಲ್ಲ. ಮೊದಲು ಬಂದದ್ದು ಸಿಟ್ಟು. ತನ್ನದೆಂದು ಉಳಿದಿದ್ದದ್ದು ಒಂದು ಗುಟ್ಟು, ಅದನ್ನೂ ಇವಳು ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದಾಳೆ, ಅದನ್ನೂ ತನಗಿಂತ ಚೆನ್ನಾಗಿ ಕಾಪಾಡಿದ್ದಾಳೆ. ಅಷ್ಟರಲ್ಲಿ ಚಿಕ್ಕವಳು ಪೆನ್ನನ್ನು ಮೇಜಿನ ಮೇಲಿಟ್ಟು ಕೈಕಟ್ಟಿಕೊಂಡಳು. ನಿನಗೆ ಗುಣವಾಗುವುದಿಲ್ಲ ಎಂದ ಮೇಲೆ ನಾನು ಸಹಿ ಹಾಕುವುದಿಲ್ಲ, ಯಾರ್ಯಾರಿಗೋ ಯಾಕೆ ಕೊಡಲಿ, ನನಗೇನು ಹಟವೇ ಎಂದಳು. ಹಟವೇ ಎಂದು ಕೇಳುವ ಅವಳ ಮುಖದಲ್ಲಿ ಚಿಕ್ಕಂದಿನಿಂದ ನೋಡಿದ ಅದೇ ಹಟವಿತ್ತು. ಅಮ್ಮನೇ ಎಷ್ಟೋ ಸಲ ಅದರ ಮುಂದೆ ಸೋತು ಕೈಬಿಟ್ಟದ್ದುಂಟು.

ಈಗ ದೊಡ್ಡವಳು ಬೇಡಿಕೊಳ್ಳಬೇಕಾಯಿತು. ನಿನ್ನೆ ತಾನೇ ಯಾವುದು ಹಾಳಾಗಲಿ ಎಂದುಕೊಂಡಿದ್ದಳೋ ಅದರ ಪರವಾಗಿ ಇಂದು ತಾನೇ ವಕಾಲತ್ತು ವಹಿಸಬೇಕಾಯಿತು. ಬ್ಯಾಕ್ಟೀರಿಯಾ ಬಾಗಿಲಲ್ಲಿ ಕೂತು ಕಾಯುವ ಜಾತಿ, ಒಳಗೆ ಬಂದು ಕೂತದ್ದನ್ನು ಎಬ್ಬಿಸಲಾರದು, ಆದರೆ ಇನ್ನೂ ಬರದವರಿಗೆ ಬರದ ಹಾಗೆ ಮಾಡಬಹುದು, ಮಾಡಬಹುದು ಅಷ್ಟೇ, ಅದೂ ನೋಡಬೇಕು ಎಂದು ಬಿಡಿಸಿ ಹೇಳಿದಳು. ಚಿಕ್ಕವಳು ಜಗ್ಗಲಿಲ್ಲ. ಕಡೆಗೆ ದೊಡ್ಡವಳು ಗೋಡೆಯ ಮೇಲಿನ ಫೋಟೊ ನೋಡಿದಳು.

"ನಿನ್ನ ಮಕ್ಕಳಲ್ಲಿ ಒಬ್ಳು ನಾಳೆ ನನ್ನ ಹಾಗೆ ಕನ್ನಡಿ ಹಿಂದೆ ಡಬ್ಬಿ ಇಡಬಾರದು ಕಣೇ. ನಿನ್ನ ಮಕ್ಕಳು ಅಂತಲ್ಲ, ಯಾರೂ." ಅವಳು ಉಳಿದದ್ದನ್ನೂ ಹೇಳಿಬಿಟ್ಟಳು. "ಮೂರು ವರ್ಷ ಅದು ನಂದು ಅಂದ್ಕೊಂಡಿದ್ದೆ. ಮಗಳು ಅಂತ ಕರೀತಿದ್ದೆ. ನಿನ್ನೆ ನಿಂದು ಅಂತ ಗೊತ್ತಾಯ್ತು. ಕೊಟ್ಟೋಳು ಸಿಗ್ತಿಲ್ಲ ಅಂತ ಸುಳ್ಳು ಹೇಳ್ದೆ. ನಿಂದು ಗೆಲ್ಲಬಾರ್ದು ಅಂತ."

"ಹೊಟ್ಟೆಕಿಚ್ಚಾ?"

"ಹೂಂ."

"ಒಂದು ಹುಳಕ್ಕಾ?"

"ಎಲ್ಲದಕ್ಕೂ. ಸೊಳ್ಳೆಯಿಂದ ಹಿಡಿದು."

ಚಿಕ್ಕವಳು ನಗುತ್ತಾಳೋ ಅಳುತ್ತಾಳೋ ಗೊತ್ತಾಗದ ಮುಖ ಮಾಡಿಕೊಂಡು ಅಕ್ಕನನ್ನೇ ನೋಡಿದಳು. ಆಮೇಲೆ ಕಾಗದ ಎಳೆದುಕೊಂಡು, ಎರಡೂ ಕಡೆ ಸಹಿ ಹಾಕಿದಳು. ನೀನು ಮಗಳು ಎಂದು ಕರೆದದ್ದು ನನ್ನದನ್ನಾದರೆ ನೀನೀಗ ಅದಕ್ಕೆ ದೊಡ್ಡಮ್ಮ ಎಂದು ಗೊಣಗಿ, ಸ್ವಾಬ್ ತೆಗೆದುಕೊಂಡು ಪರದೆಯ ಹಿಂದೆ ಹೋದಳು. ದೊಡ್ಡವಳು ಸ್ಟೂಲಿನ ಮೇಲೆ ಕೊಳವೆ ಹಿಡಿದು ಕಾಯುತ್ತ ಕೂತಳು. ಸುಳ್ಳು ಹೇಳಿದ್ದನ್ನು ಡಾಕ್ಟರಮ್ಮನಿಗೆ ತಾನೇ ಹೇಳಬೇಕು, ಮುಚ್ಚಳದ ವಿಷಯ ಬರೆದುಕೊಡಬೇಕು, ಗೋಡೆಯ ಮೇಲಿನ ನಿಯಮ ಓದಿ ಹೇಳುವ ಕೆಲಸ ಬಹುಶಃ ಬೇರೆಯವರಿಗೆ ಹೋಗುತ್ತದೆ. ಹೋಗಲಿ ಎಂದುಕೊಂಡಳು.

"ಅಕ್ಕಾ," ಎಂದು ಪರದೆಯ ಹಿಂದಿನಿಂದ ದನಿ ಬಂತು. "ಸೊಳ್ಳೆ ನಂಗೆ ಯಾಕೆ ಕಚ್ತಿರ್ಲಿಲ್ಲ ಗೊತ್ತಾ? ಒಂದೇ ಹೊದಿಕೆ ಇದ್ದಿದ್ದು. ನಿದ್ದೇಲಿ ನೀನು ಅದನ್ನ ಎಳೆದೆಳೆದು ನನ್ನ ಮೇಲೇ ಹಾಕ್ತಿದ್ದೆ. ದಿನಾ. ನಾನು ಎಚ್ಚರ ಇದ್ರೂ ಸುಮ್ನಿರ್ತಿದ್ದೆ, ಬೆಚ್ಚಗಿರ್ತಿತ್ತು."

ದೊಡ್ಡವಳಿಗೆ ಅದು ನೆನಪಿರಲಿಲ್ಲ. ಎಷ್ಟು ಜ್ಞಾಪಿಸಿಕೊಂಡರೂ ನೆನಪಾಗಲಿಲ್ಲ. ನೆನಪಿದ್ದದ್ದು ಬೆಳಗಿನ ತುರಿಕೆ ಮಾತ್ರ. ಪರದೆ ಸರಿಸಿ ಬಂದ ತಂಗಿಯ ಕೈಯಿಂದ ಸ್ವಾಬ್ ತೆಗೆದುಕೊಂಡು ಕೊಳವೆಯೊಳಗಿಟ್ಟು ಮುಚ್ಚಳ ಬಿಗಿದಳು. ಹೊಟ್ಟೆಕಿಚ್ಚು ಆರಿರಲಿಲ್ಲ. ಅದು ಅಷ್ಟು ಸುಲಭಕ್ಕೆ ಆರುವ ಜಾತಿಯಲ್ಲ, ನರದಲ್ಲಿ ಎಲ್ಲೋ ಅಡಗಿ ಕೂತಿತ್ತು. ಕಣ್ಣಿಗೆ ಅಡ್ಡ ಬಂದ ನೀರನ್ನು ಭುಜಕ್ಕೆ ಒರೆಸಿಕೊಂಡು, ಬೆವರಿದ್ದ ಕೊಳವೆಯನ್ನೂ ತೋಳಿಗೆ ಉಜ್ಜಿ ಉಜ್ಜಿ ಒಣಗಿಸಿ, ಪೆನ್ನು ತೆಗೆದು ಅದರ ಮೈಮೇಲೆ ದಪ್ಪಗೆ ಮೂವತ್ತೊಂದು ಎಂದು ಬರೆದಳು.